ಮೂರು ಆದ ಮೇಲೆ ಕಾಯಬೇಕು

ದಿನಾ ಅವೇ ಐದು ಸ್ವಿಚ್ಚು. ಹಾಲು ಬರುವ ಹೊತ್ತಿಗೆ ಒಂದರ ಹಿಂದೆ ಒಂದು ಹಾಕೋದು, ಹಾಲು ಮುಗಿದ ಮೇಲೆ ಹಿಂದಿನಿಂದ ಒಂದೊಂದೇ ತೆಗೆಯೋದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇಷ್ಟೇ ನನ್ನ ಕೆಲಸ. ಇದರಲ್ಲಿ ಎಡವಟ್ಟಾಗೋಕೆ ಏನಿದೆ ಅಂತ ನಾನೂ ಅಂದುಕೊಂಡೇ ಸೇರಿದ್ದು. ವಾರಕ್ಕೊಂದು ಸಲವಾದರೂ ಎದೆ ಧಸಕ್ ಅನ್ನದೆ ಇರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯೋದು ನಿಧಾನ. ನಮ್ಮವಳಿದ್ದಾಗ ಬರೆಯೋ ಕೆಲಸವೇ ಇರಲಿಲ್ಲ. ಮನೆಗೆ ಬಂದು ಅವಳಿಗೆ ಹೇಳಿದರೆ ಮುಗೀತು. ಅವಳು ನಗೋದರಲ್ಲಿ ಒಲೆ ಮೇಲಿದ್ದದ್ದು ಸೀದು ಹೋಗೋದು. ಅವಳು ಹೋಗಿ ಹನ್ನೊಂದು ತಿಂಗಳಾಯ್ತು. ಈಗ ಕಾಗದಕ್ಕೆ ಹೇಳ್ತಿದ್ದೀನಿ.

ಐದರವರೆಗೆ ಬಂದರೆ ಸಾಕು

ಶ್ರೀನಿವಾಸಪುರದ ದಾರಿಯಲ್ಲಿ ಒಂದು ಹಾಲಿನ ಕೇಂದ್ರ. ಊರಿನ ಹೆಸರು ಬೇಡ. ಎಪ್ಪತ್ತರ ದಶಕ. ಸುತ್ತಲ ಹಳ್ಳಿಗಳ ಹಾಲು ಅಲ್ಲಿಗೆ ಬರಬೇಕು, ನಾವು ಅದನ್ನ ತಣ್ಣಗೆ ಮಾಡಿ ಟ್ಯಾಂಕರಿಗೆ ತುಂಬಿ ಬೆಂಗಳೂರಿಗೆ ಕಳಿಸಬೇಕು. ನಾನು ಸೇರಿದ್ದು ಕ್ಯಾನು ತೊಳೆಯೋಕೆ.

ಕೇಂದ್ರ ಶುರುವಾಗೋಕೆ ನಾಲ್ಕು ದಿನ ಇತ್ತು. ಮಿಷನ್ ನಡೆಸೋಕೆ ಅಂತ ಟ್ರೈನಿಂಗ್ ಮಾಡಿಸಿದ್ದ ಆಪರೇಟರು, ಅಕ್ಕನ ಮದುವೆ ಅಂತ ಮಾಲೂರಿಗೆ ಹೋದವನು ಬರಲೇ ಇಲ್ಲ. ‘ಆ ಸದ್ದು ನನ್ನ ಎದೆಗೆ ಆಗಲ್ಲ’ ಅಂತ ಹೇಳಿ ಕಳಿಸಿದ.

ಬೆಂಗಳೂರಿನ ಇಂಜಿನಿಯರು ಕ್ಯಾನು ತೊಳೆಯೋ ನಮ್ಮನ್ನ ಸಾಲಾಗಿ ನಿಲ್ಲಿಸಿದರು.

“ಯಾರಿಗೆ ಇಂಗ್ಲಿಷ್ ಓದೋಕೆ ಬರುತ್ತೆ?”

ಒಂದು ಕೈಯೂ ಏಳಲಿಲ್ಲ.

“ಕನ್ನಡ?”

ಇಬ್ಬರು ನೆಲ ನೋಡಿದರು. ಒಬ್ಬ ಸೂರು ನೋಡಿದ. ಮೂರನೇ ಕ್ಲಾಸನ್ನ ಓದು ಅಂತ ಹೇಳೋಕೆ ನನಗೂ ಧೈರ್ಯ ಬರಲಿಲ್ಲ.

“ಹೋಗಲಿ, ಐದರವರೆಗೆ ಎಣಿಸೋಕಾದ್ರೂ?”

ನಾನು ಕೈ ಎತ್ತಿಬಿಟ್ಟೆ. ಹಾಗೆ ಆಪರೇಟರಾದೆ. ಎತ್ತಿದ ಕೈ ಇಳಿಸೋಕೆ ಮುಂಚೆ ನನ್ನನ್ನ ಮಿಷನ್ನಿನ ರೂಮಿಗೆ ಎಳಕೊಂಡು ಹೋದರು.

“ನೋಡು. ಒಂದು, ನೀರಿನ ಪಂಪು. ಮಿಷನ್ನಿನ ತಲೆ ಕಾಯದ ಹಾಗೆ ನೋಡಿಕೊಳ್ಳೋದು ಇದೇ. ಎರಡು, ಐಸಿನ ತೊಟ್ಟಿ ಕಲಕೋ ಫ್ಯಾನು. ಮೂರು, ದೊಡ್ಡ ಮಿಷನ್, ಕಂಪ್ರೆಸರು. ಮೂರು ಆದ ಮೇಲೆ ಕಾಯಬೇಕು. ಈ ಮೀಟರಿನ ಮುಳ್ಳು ಅಲ್ಲಾಡೋದು ನಿಲ್ಲೋವರೆಗೆ ಕೈ ಕಟ್ಟಿಕೊಂಡು ನಿಲ್ಲು. ಆಮೇಲೆ ನಾಲ್ಕು, ತಣ್ಣೀರಿನ ಪಂಪು. ಐದು, ಹಾಲು. ನಿಲ್ಲಿಸೋವಾಗ ಐದರಿಂದ ಹಿಂದಕ್ಕೆ ಬಾ.”

“ಹಿಂದು ಮುಂದು ಆದ್ರೆ ಸಾರ್?”

“ಗ್ಯಾಸ್ ಹೊರಗೆ ಬರುತ್ತೆ. ಕಣ್ಣು ಉರಿಯುತ್ತೆ. ಉಸಿರು ಕಟ್ಟುತ್ತೆ.”

“ಆಗ ನಾನು ಏನು ಮಾಡಬೇಕು ಸಾರ್?”

“ಓಡಬೇಕು.”

“ಅದು ಎಷ್ಟನೆಯದು ಸಾರ್?”

ಇಂಜಿನಿಯರು ಬಾಗಿಲು ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಿದರು. ಆಮೇಲೆ ಹೇಳಿದರು. ತಪ್ಪಿಲ್ಲದೆ ನಡೆಸಿದರೆ ಖಾಯಂ ಮಾಡಿಸ್ತೀನಿ. ತಪ್ಪಿದರೆ ಮತ್ತೆ ಕ್ಯಾನಿಗೆ.

ಖಾಯಂ ಅಂದರೆ ಕೇಂದ್ರದ ಹಿಂದೆ ಒಂದು ಹೆಂಚಿನ ಮನೆ. ಮನೆಯೊಳಗೇ ನಲ್ಲಿ. ನಮ್ಮವಳು ಆಗ ಅರ್ಧ ಮೈಲಿಯಿಂದ ನೀರು ಹೊರುತ್ತಿದ್ದಳು. ನಲ್ಲಿ ಅಂದ ತಕ್ಷಣ ಅವಳು ಕೇಳಿದ್ದು ಒಂದೇ. “ಏನ್ರೀ, ಅದನ್ನ ತಿರುಗಿಸಿದ್ರೆ ಸಾಕಾ?”

ಚಪ್ಪಾಳೆ

ಕೇಂದ್ರದ ಉದ್ಘಾಟನೆ. ದೊಡ್ಡವರೊಬ್ಬರು ಬಂದು ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ಮಿಷನ್ ಗುಡುಗಬೇಕು ಅಂತ ನಮ್ಮ ಮ್ಯಾನೇಜರ ಆಸೆ. ಒಂದು ಗುಂಡಿಗೆ ಐದು ಕೆಲಸ ಆಗಲ್ಲವಲ್ಲ. ಅದಕ್ಕೆ ಶಾಮಿಯಾನದಲ್ಲಿ ಒಂದು ಹಲಗೆಗೆ ಕೆಂಪು ಗುಂಡಿ ಸಿಕ್ಕಿಸಿದರು. ಅದಕ್ಕೆ ವೈರೇ ಇಲ್ಲ.

“ನೀನು ಒಳಗೆ ಬಾಗಿಲು ಹಾಕ್ಕೊಂಡು ನಿಂತಿರು,” ಅಂದರು ಮ್ಯಾನೇಜರು. “ಅವರು ಗುಂಡಿ ಒತ್ತಿದಾಗ ಜನ ಚಪ್ಪಾಳೆ ತಟ್ತಾರೆ. ಚಪ್ಪಾಳೆ ಕೇಳಿದ್ರೆ ಹಾಕು.”

ನಿಂತೆ. ಕಿವಿ ಬಾಗಿಲಿಗೆ ಇಟ್ಟೆ. ಚಪ್ಪಾಳೆ ಬಿತ್ತು. ಒಂದು, ಎರಡು, ಮೂರು. ಕಾದೆ. ನಾಲ್ಕು. ಅವತ್ತು ಹಾಲು ಬಂದಿರಲಿಲ್ಲ, ಐದು ಬೇಕಿರಲಿಲ್ಲ. ಎಲ್ಲ ಸರಿಯಾಗಿ ಬಂತು. ಬೆವರು ಒರೆಸಿಕೊಂಡೆ.

ಬಾಗಿಲು ದಬದಬ ಬಡಿದರು. ತೆಗೆದರೆ ಮ್ಯಾನೇಜರು. ಮುಖ ಸುಣ್ಣ ಬಳಿದ ಹಾಗೆ.

“ಲೇ, ಅದು ಹಾರ ಹಾಕಿದ್ದಕ್ಕೆ ತಟ್ಟಿದ್ದು ಕಣೋ! ಇನ್ನೂ ಗುಂಡಿ ಹತ್ತಿರಾನೇ ಹೋಗಿಲ್ಲ! ನಿಲ್ಸು, ನಿಲ್ಸು!”

ನಿಲ್ಲಿಸು ಅಂದರೆ ನಿಲ್ಲುತ್ತಾ? ಅದಕ್ಕೂ ಕ್ರಮ ಇದೆ. ನಾಲ್ಕು ತೆಗೆದೆ. ಮೂರಕ್ಕೆ ಮುಂಚೆ ಮುಚ್ಚಬೇಕಾದ ಗ್ಯಾಸಿನ ವಾಲ್ವನ್ನ ತಿರುಗಿಸಿ ತಿರುಗಿಸಿ ಮುಚ್ಚಿದೆ. ಮೂರು ತೆಗೆಯೋಕೆ ಕೈ ಹಾಕಿದೆ. ಅಷ್ಟರಲ್ಲಿ ಹೊರಗೆ ಮೈಕಿನಲ್ಲಿ “ಈಗ ಮಾನ್ಯರು ಯಂತ್ರಕ್ಕೆ ಚಾಲನೆ ಕೊಡುತ್ತಾರೆ” ಅಂದರು.

ಅವರು ಗುಂಡಿ ಒತ್ತಿದರು. ನಾನು ಮೂರು ತೆಗೆದೆ.

ಅಷ್ಟು ಹೊತ್ತು ಗುಡುಗುತ್ತಿದ್ದ ಮಿಷನ್ ಉಸ್ ಅಂತ ನಿಂತಿತು. ಎರಡು ತೆಗೆದೆ, ಫ್ಯಾನು ನಿಂತಿತು. ಒಂದು ತೆಗೆದೆ, ನೀರು ನಿಂತಿತು. ಚಪ್ಪಾಳೆ ತಟ್ಟೋಕೆ ಎತ್ತಿದ ಕೈಗಳೂ ಹಾಗೇ ನಿಂತವು.

ಆ ನಿಶ್ಶಬ್ದದಲ್ಲಿ ದೊಡ್ಡವರ ಮಾತು ನನಗೆ ಒಳಗೆ ಕೇಳಿಸಿತು. “ಚೆನ್ನಾಗಿ ಓಡ್ತಾ ಇತ್ತಲ್ರೀ. ನನ್ನ ಕೈಲಿ ಯಾಕ್ರೀ ಕೆಡಿಸಿದ್ರಿ?”

ನೀರು ಈಶಾನ್ಯಕ್ಕೆ

ಮ್ಯಾನೇಜರು ಅವತ್ತಿನ ಅವಮಾನ ಮರೆಯಲಿಲ್ಲ. ರೂಮಿನ ವಾಸ್ತು ಸರಿಯಿಲ್ಲ ಅಂತ ತೀರ್ಮಾನ ಮಾಡಿದರು. ಐದು ಸ್ವಿಚ್ಚೂ ಒಂದೇ ಗೋಡೆಯಲ್ಲಿದ್ದವು. ವೈರ್‌ಮ್ಯಾನನ್ನ ಕರೆಸಿದರು.

“ನೀರು ಈಶಾನ್ಯದಲ್ಲಿರಬೇಕು. ಕಂಪ್ರೆಸರು ಅಂದ್ರೆ ಬೆಂಕಿ ಇದ್ದ ಹಾಗೆ, ಆಗ್ನೇಯಕ್ಕೆ ಹಾಕು. ಹಾಲು ವಾಯವ್ಯಕ್ಕೆ. ಉಳಿದದ್ದು ಮಧ್ಯೆ ಎಲ್ಲಾದ್ರೂ.”

ನಾನು ಬೇಡ ಅನ್ನಲಿಲ್ಲ. ಖಾಯಂ ಆಗದವನು ಬೇಡ ಅನ್ನೋಹಾಗಿಲ್ಲ.

ಅವತ್ತಿನಿಂದ ನಾನು ಮಿಷನ್ನಿನ ಸುತ್ತ ನಡೆಯೋದು ಶುರುವಾಯಿತು. ಈಶಾನ್ಯದಲ್ಲಿ ಒಂದು. ಪೂರ್ವದ ಗೋಡೆಯಲ್ಲಿ ಎರಡು. ಆಗ್ನೇಯದಲ್ಲಿ ಮೂರು. ಅಲ್ಲಿ ನಿಂತು ಮುಳ್ಳು ನೋಡೋದು. ಆಮೇಲೆ ನೈರುತ್ಯ, ಆಮೇಲೆ ವಾಯವ್ಯ. ನಡುವೆ ಕಂಪ್ರೆಸರು. ಅದರ ಮೇಲೆ ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡು ಹೂವಿನ ಹಾರ.

ಸುಗಟೂರಿನ ಕಡೆಯಿಂದ ಒಬ್ಬ ಅಜ್ಜಿ ಹಾಲು ತರ್ತಿತ್ತು. ಬಾಗಿಲಲ್ಲಿ ನಿಂತು ಎರಡು ದಿನ ನನ್ನನ್ನೇ ನೋಡಿತು. ಮೂರನೇ ದಿನ ಎಕ್ಕಡ ಬಿಟ್ಟು ಒಳಗೆ ಬಂದು, ಕೈ ಮುಗಿದುಕೊಂಡು ನನ್ನ ಹಿಂದೆ ಸುತ್ತು ಹಾಕಿತು.

“ಅಜ್ಜೀ, ಇಲ್ಲಿ ಬರಬಾರದು. ಹೊರಗೆ ಹೋಗು.”

“ನಿನ್ನ ಪಾಡಿಗೆ ನೀನು ಹಾಕ್ಕೊಳ್ಳೋ. ನಾನೇನು ಅಡ್ಡ ಬಂದೆ?”

ವಾರದಲ್ಲಿ ಹಿಂದೆ ನಾಲ್ಕು ಜನ ಹೆಂಗಸರು. ನಾನು ಆಗ್ನೇಯದಲ್ಲಿ ಮುಳ್ಳು ನೋಡುತ್ತಾ ನಿಂತರೆ ಅವರೂ ಕಣ್ಣು ಮುಚ್ಚಿ ನಿಲ್ಲೋರು. ಮ್ಯಾನೇಜರು ನೋಡಿ ಖುಷಿಪಟ್ಟರು. ವಾಸ್ತು ಕೆಲಸ ಮಾಡ್ತಿದೆ ಅಂದರು. ಹಾಲೂ ಜಾಸ್ತಿ ಬಂತು, ಸುಳ್ಳು ಹೇಳಬಾರದು.

ಒಂದು ದಿನ ಅಜ್ಜಿ ಮರೆತ ಕ್ಯಾನು ತಗೊಳ್ಳೋಕೆ ವಾಪಸು ಬಂತು. ನಾನು ನಿಲ್ಲಿಸುತ್ತಿದ್ದೆ. ವಾಯವ್ಯದಿಂದ ನೈರುತ್ಯ, ನೈರುತ್ಯದಿಂದ ಆಗ್ನೇಯ.

ಅಜ್ಜಿ ಚಿಟ್ಟನೆ ಚೀರಿತು. ಕೈಲಿದ್ದ ಕ್ಯಾನು ದಢಾರ್ ಅಂತ ಬಿತ್ತು.

“ಓರಿ ಪಾಪಿಷ್ಟಿ! ನಾವೆಲ್ಲಾ ಇರೋವಾಗ ಪ್ರದಕ್ಷಿಣೆ ಹಾಕ್ತೀಯ, ನಾವು ಹೋದ ಮೇಲೆ ಅಪ್ರದಕ್ಷಿಣೆ ಹಾಕ್ತೀಯೇನ್ಲಾ? ನಮ್ಮ ಪುಣ್ಯಾನೆಲ್ಲಾ ದಿನಾ ಬಿಚ್ಚಿ ಬಿಸಾಕ್ತಿದ್ಯಾ?”

ಸೋಮವಾರ

ಸೋಮವಾರ ಬೆಳಿಗ್ಗೆ ಏಳೂವರೆಗೆ ರಾಹುಕಾಲ. ನಮ್ಮ ಹಾಲಿನ ವ್ಯಾನು ಬರೋದೂ ಏಳೂವರೆಗೆ. ಮ್ಯಾನೇಜರು ರಾಹುಕಾಲದಲ್ಲಿ ಏನೂ ಶುರು ಮಾಡೋಕೆ ಬಿಡ್ತಿರಲಿಲ್ಲ. ಮೊದಮೊದಲು ಕಷ್ಟವಾಯ್ತು. ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಏಳೂವರೆಗೆ ಮುಂಚೆ ಒಂದು ಸ್ವಿಚ್ಚು ಹಾಕಿದ್ದರೆ ಶುರುವಾದ ಹಾಗೇ ಲೆಕ್ಕ. ಉಳಿದದ್ದು ಮುಂದುವರಿಕೆ. ನಾನು ಏಳೂ ಇಪ್ಪತ್ತಕ್ಕೆ ನೀರು ಹಾಕಿಬಿಡೋನು.

ಒಂದು ಸೋಮವಾರ ಹೊರಗೆ ನೀರಿನ ತೊಟ್ಟಿಗೆ ಹುಣಸೆ ಎಲೆ ಬಿದ್ದು ಪೈಪು ಕಟ್ಟಿತ್ತು. ನಾನು ತೊಟ್ಟಿಯಲ್ಲಿ ಇಳಿದು ಎಲೆ ತೆಗೀತಿದ್ದೆ. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಏಳೂ ಇಪ್ಪತ್ತೆಂಟು. ಎರಡೇ ನಿಮಿಷ. ತಾವೇ ಒಳಗೆ ಓಡಿದರು. ಒಂದೇ ಒಂದು ಹಾಕಬೇಕು, ಯಾವುದನ್ನ ಹಾಕೋದು? ಎಲ್ಲಕ್ಕಿಂತ ದೊಡ್ಡದನ್ನ ಹಾಕಿದರೆ ಶುರು ಗಟ್ಟಿಯಾಗುತ್ತೆ ಅಂತ ಮೂರನೆಯದನ್ನ ಒತ್ತಿದರು.

ತೊಟ್ಟಿಯಲ್ಲಿ ನಿಂತ ನನಗೆ ಮೂರನೆಯದರ ಸದ್ದು ಕೇಳಿಸಿತು. ಒಂದನೆಯದರ ಸದ್ದಿಲ್ಲ. ಪಂಚೆ ಎತ್ತಿಕೊಂಡು ಓಡಿದೆ. ಒಳಗೆ ಮುಳ್ಳು ಏರುತ್ತಾ ಇದೆ. ನೀರಿನ ಸ್ವಿಚ್ಚಿಗೆ ಕೈ ಚಾಚಿದೆ.

ಮ್ಯಾನೇಜರು ಗಬಕ್ಕನೆ ಕೈ ಹಿಡಿದರು. “ಮುಟ್ಟಬೇಡ! ಏಳೂವರೆ ಆಯ್ತು. ರಾಹುಕಾಲ. ಈಗ ಹೊಸದಾಗಿ ಏನೂ ಹಾಕೋಹಾಗಿಲ್ಲ.”

“ಸಾರ್, ಗ್ಯಾಸ್ ಬರುತ್ತೆ ಸಾರ್!”

“ಹಾಕೋಹಾಗಿಲ್ಲ.”

“ಹೋಗ್ಲಿ, ತೆಗೀಬಹುದಾ ಸಾರ್?”

ಮ್ಯಾನೇಜರು ನನ್ನ ಕೈ ಹಿಡಿದುಕೊಂಡೇ ಯೋಚನೆ ಮಾಡೋಕೆ ಶುರುಮಾಡಿದರು. ರಾಹುಕಾಲದಲ್ಲಿ ನಿಲ್ಲಿಸಬಹುದೋ ಇಲ್ಲವೋ, ಅದನ್ನ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ಯೋಚನೆ ಮಾಡ್ತಿರೋವಾಗಲೇ ಮೇಲಿನ ವಾಲ್ವು ಬುಸ್ ಅಂತ ಬಿಚ್ಚಿತು.

ಕಣ್ಣಿಗೆ ಖಾರದಪುಡಿ ಎರಚಿದ ಹಾಗೆ. “ಪರಿಗೆತ್ತಂಡಿ! ಓಡ್ರೋ!” ಅಂತ ವ್ಯಾನಿನವನು ತೆಲುಗು ಕನ್ನಡ ಎರಡರಲ್ಲೂ ಕೂಗಿದ. ಹಾಲಿನವರು, ಕ್ಯಾನಿನವರು, ವ್ಯಾನಿನ ನೆರಳಲ್ಲಿ ಮಲಗಿದ್ದ ನಾಯಿ, ಎಲ್ಲ ರಸ್ತೆಗೆ. ನಾನು ಟವೆಲ್ಲು ನೀರಲ್ಲಿ ಅದ್ದಿ ಮುಖಕ್ಕೆ ಕಟ್ಟಿಕೊಂಡು ಒಳಗೆ ಹೋಗಿ ಮಿಷನ್ ನಿಲ್ಲಿಸಿ ಬಂದೆ. ಯಾರಿಗೂ ಏನೂ ಆಗಲಿಲ್ಲ. ಅವತ್ತಿನ ಹಾಲು ಮಾತ್ರ ಹುಳಿ ಬಂತು.

ಹುಣಸೆ ಮರದ ಕೆಳಗೆ ಮ್ಯಾನೇಜರು ಕೆಮ್ಮುತ್ತಾ ಕೂತಿದ್ದರು. ಎರಡು ಕಣ್ಣಲ್ಲೂ ಧಾರಾಕಾರ. ಕೈ ಗಡಿಯಾರವನ್ನ ನನ್ನ ಮೂಗಿನ ಹತ್ತಿರ ಹಿಡಿದರು.

“ಏಳೂ ಮೂವತ್ತನಾಲ್ಕು. ನೋಡ್ದ್ಯಾ? ರಾಹುಕಾಲ ಅಂದ್ರೆ ಸುಮ್ನೇನಾ?”

ಬೆಂಗಳೂರಿಗೆ ಹೋದ ಕಾಗದದಲ್ಲಿ ರಾಹುಕಾಲದ ವಿಷಯ ಇರಲಿಲ್ಲ. ಆಪರೇಟರನ ತಪ್ಪು ಅಂತ ಇತ್ತು.

ಬೆಲ್ಟ್ ತರೋಕೆ ಹೋದದ್ದು

ಇಂಜಿನಿಯರು ಜೀಪಲ್ಲಿ ಬಂದರು. ನನ್ನ ಮಾತು ಕೇಳಿದರು. ಸ್ವಿಚ್ಚುಗಳ ಮೇಲೆ ದೊಡ್ಡದಾಗಿ ಒಂದರಿಂದ ಐದು ಬರೆಸಿದರು. ಹೋಗೋವಾಗ ಇಷ್ಟು ಅಂದರು.

“ಮುಂದಿನ ತಿಂಗಳು ಬರ್ತೀನಿ. ನನ್ನ ಕಣ್ಣ ಮುಂದೆ ಹಾಕಿ ತೆಗೆದು ತೋರಿಸು. ಸರಿಯಾಗಿದ್ರೆ ಖಾಯಂ. ಇಲ್ಲಾಂದ್ರೆ ಕ್ಯಾನು. ಮತ್ತೆ ಕೇಳಬೇಡ.”

ಆ ತಿಂಗಳೆಲ್ಲಾ ನನಗೆ ಊಟ ಸೇರಲಿಲ್ಲ. ನಮ್ಮವಳು ನಲ್ಲಿಯ ಮಾತೇ ಎತ್ತಲಿಲ್ಲ. ಕೊಡ ಇಳಿಸಿ ಸೊಂಟ ಹಿಡಿದುಕೊಂಡು ನಿಲ್ಲೋಳು, ನಾನು ನೋಡಿದರೆ ಕೈ ತೆಗೆಯೋಳು.

ಇಂಜಿನಿಯರು ಹೇಳಿದ್ದು ಗುರುವಾರ. ಬುಧವಾರ ಮಧ್ಯಾಹ್ನ ಫ್ಯಾನಿನ ಬೆಲ್ಟ್ ಹರಿಯೋ ಹಾಗಿತ್ತು. ಮ್ಯಾನೇಜರು ನನ್ನನ್ನ ಕೋಲಾರಕ್ಕೆ ಕಳಿಸಿದರು. ಸಂಜೆ ಹಾಲಿಗೆ ಮುಂಚೆ ವಾಪಸು ಬರೋದು ಅಂತ ಲೆಕ್ಕ.

ಮಾವಿನ ಕಾಲ. ಬಸ್ಸಲ್ಲಿ ವಾಪಸು ಬರೋವಾಗ ಒಂದು ಮಾವಿನ ಲಾರಿ ರಸ್ತೆಗೆ ಅಡ್ಡ ವಾಲಿಕೊಂಡು ನಿಂತಿತ್ತು. ಹಣ್ಣು ರಸ್ತೆ ತುಂಬ. ಮುಂದೆ ಹೋಗೋಕೆ ದಾರಿಯಿಲ್ಲ. ಲಾರಿಯವನು ಕೈ ಮುಗಿದು “ಒಡೆದದ್ದು ತಿನ್ರಪ್ಪಾ, ಗಟ್ಟಿಯಾಗಿರೋದು ತುಂಬಿಕೊಡ್ರಪ್ಪಾ” ಅಂದ. ಬಸ್ಸಿಗೆ ಬಸ್ಸೇ ಇಳೀತು. ಡ್ರೈವರು ಒಂದು ಬಾದಾಮಿ ಮಾವು ಹಿಡಕೊಂಡು ಕಲ್ಲಿನ ಮೇಲೆ ಕೂತ. ತುಂಬಿಕೊಟ್ಟವರಿಗಿಂತ ತಿಂದವರೇ ಹೆಚ್ಚು. ಕಂಡಕ್ಟರನ ಮೊಣಕೈವರೆಗೂ ರಸ.

“ಬಿಡಣ್ಣಾ, ಹೊತ್ತಾಯ್ತು!” ಅಂದೆ.

“ಒಡೆದದ್ದು ಇನ್ನೂ ಇದೆಯಲ್ಲಣ್ಣಾ,” ಅಂದ ಕಂಡಕ್ಟರು.

ಬಸ್ಸಿಳಿದಾಗ ಸಂಜೆ ಆರು ದಾಟಿತ್ತು. ಹಾಲು ಬಂದು ಅರ್ಧ ಗಂಟೆಯಾಗಿರಬೇಕು. ಬಿಸಿಲುಗಾಲದ ಹಾಲು, ಕಾಯಲ್ಲ. ಓಡಿದೆ. ಕೇಂದ್ರದ ಮುಂದೆ ಜೀಪು ನಿಂತಿತ್ತು. ಗುರುವಾರದ ಜೀಪು ಬುಧವಾರವೇ ಬಂದುಬಿಟ್ಟಿತ್ತು. ಖಾಯಂ ಹೋಯ್ತು ಅಂದುಕೊಂಡೆ. ನಲ್ಲಿ ಹೋಯ್ತು.

ಆಗ ಸದ್ದು ಕೇಳಿಸಿತು. ಒಂದನೆಯದರ ಸದ್ದು. ಎರಡನೆಯದು. ಸ್ವಲ್ಪ ಬಿಟ್ಟು ಮೂರನೆಯದು.

ನಾನಿಲ್ಲಿದ್ದೀನಿ. ಒಳಗೆ ಯಾರು?

ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ನಮ್ಮವಳು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂರನೇ ಸ್ವಿಚ್ಚಿನ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದಾಳೆ. ಪಕ್ಕದಲ್ಲಿ ಇಂಜಿನಿಯರು. ಬಾಗಿಲಲ್ಲಿ ಮ್ಯಾನೇಜರು, ಕ್ಯಾನು ತೊಳೆಯೋರು, ಹಾಲಿನವರು. ನನ್ನ ಕೈಲಿದ್ದ ಬೆಲ್ಟ್ ಬಿದ್ದುಹೋಯಿತು.

ಆಗಿದ್ದು ಏನು ಅಂತ ಆಮೇಲೆ ಗೊತ್ತಾಯ್ತು. ಕೋಲಾರಕ್ಕೆ ಹೋಗೋದನ್ನ ಅವಳಿಗೆ ಹೇಳಿ ಹೋಗಿದ್ದೆ, ನಾನು ಬರೋ ಹೊತ್ತಿಗೆ ಅಂತ ರಾಗಿಮುದ್ದೆ ತಂದಿದ್ದಳು. ಇಂಜಿನಿಯರು “ಆಪರೇಟರೆಲ್ಲಿ?” ಅಂದಾಗ ಮ್ಯಾನೇಜರು “ಹೇಳದೆ ಕೇಳದೆ ಎಲ್ಲೋ ಹೋಗಿದಾನೆ ಸಾರ್” ಅಂದರಂತೆ. ಇಂಜಿನಿಯರು ಪೆನ್ನು ತೆಗೆದರಂತೆ. ಇವಳು ಡಬ್ಬಿ ಕೆಳಗಿಟ್ಟು “ಸ್ವಾಮೀ, ಅವರನ್ನ ಬೆಲ್ಟ್ ತರೋಕೆ ಕಳಿಸಿದ್ದೇ ಇವರು. ಅವರು ಬರೋವರೆಗೆ ಹಾಲು ಕೆಡಬಾರದು. ನಾನು ಹಾಕ್ತೀನಿ” ಅಂದಳಂತೆ. ಇಂಜಿನಿಯರಿಗೆ ಸಿಟ್ಟೋ ಕುತೂಹಲವೋ, “ಹಾಕಮ್ಮ, ನಾನು ಪಕ್ಕದಲ್ಲೇ ಇರ್ತೀನಿ” ಅಂದರಂತೆ.

ನಾನು ಕಿಟಕಿಯ ಸರಳು ಹಿಡಿದು ನಿಂತೆ. ಅವಳು ಅಲ್ಲಾಡಲಿಲ್ಲ. ಮ್ಯಾನೇಜರು ಕಿಸಕ್ ಅಂತ ನಕ್ಕು “ಮರೆತುಹೋಯ್ತು ಸಾರ್ ಅವಳಿಗೆ” ಅಂದರು. ಇಂಜಿನಿಯರು ಕೈ ಎತ್ತಿ ಸುಮ್ಮನಿರಿಸಿದರು. ಅವರ ಕಣ್ಣು ಒಂದು ಸಲ ಮುಳ್ಳಿನ ಮೇಲೆ, ಒಂದು ಸಲ ಕೈ ಗಡಿಯಾರದ ಮೇಲೆ.

ಮುಳ್ಳು ನಿಂತಿತು. ಅವಳು ಕಣ್ಣು ಬಿಟ್ಟು, ಸೀದಾ ಹೋಗಿ ನಾಲ್ಕು ಹಾಕಿದಳು. ಆಮೇಲೆ ಐದು.

ಇಂಜಿನಿಯರು ಅವಳ ಕಡೆ ತಿರುಗಿದರು. “ಒಂದು ಎರಡು ಅಂತ ಗೋಡೆ ಮೇಲೆ ಬರೆದಿದೆ, ಸರಿ. ಮೂರು ಆದ ಮೇಲೆ ಕಾಯಬೇಕು ಅಂತ ಬರೆದಿಲ್ಲ. ನೀನು ಮುಳ್ಳೂ ನೋಡಲಿಲ್ಲ. ಎಷ್ಟು ಹೊತ್ತು ಕಾಯಬೇಕು ಅಂತ ಹೆಂಗೆ ಗೊತ್ತಾಯ್ತಮ್ಮ?”

ನಮ್ಮವಳು ತಲೆ ಬಗ್ಗಿಸಿದಳು. “ಬೇಡ ಬಿಡಿ ಸ್ವಾಮಿ.”

“ಹೇಳಮ್ಮ. ಇದು ಅವನ ಕೆಲಸದ ವಿಷಯ.”

“ಅವರು ದಿನಾ ನಿದ್ದೇಲಿ ಹಾಕ್ತಾರೆ ಸ್ವಾಮಿ. ಒಂದು ಅಂತಾರೆ. ಎರಡು ಅಂತಾರೆ. ಮೂರು ಅಂತಾರೆ. ಮೂರು ಆದ ಮೇಲೆ ಗೊರಕೆ.”

“ಗೊರಕೆ?”

“ಇಪ್ಪತ್ತು ಗೊರಕೆ ಸ್ವಾಮಿ. ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಆಮೇಲೆ ನಾಲ್ಕು ಅಂತಾರೆ. ನಾನು ಮನಸ್ಸಲ್ಲೇ ಇಪ್ಪತ್ತು ಎಣಿಸ್ದೆ.”

ಇಂಜಿನಿಯರು ನಗಲಿಲ್ಲ. ಕೈ ಗಡಿಯಾರ ಬಿಚ್ಚಿ ಅಂಗೈಲಿ ಇಟ್ಟುಕೊಂಡರು.

“ಹೊಡೆದು ತೋರಿಸಮ್ಮ.”

“ಅಯ್ಯೋ ರಾಮ! ಇಷ್ಟು ಜನದ ಮುಂದೆಯಾ?”

“ಟೈಮು ನೋಡಬೇಕು.”

ಅವಳು ಒಂದು ಸಲ ಬಾಗಿಲ ಕಡೆ ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ ಶುರುಮಾಡಿದಳು. ಖೊರ್ ಅಂತ ಎಳೆದು, ಸ್ವಲ್ಪ ತಡೆದು, ಪುಸ್ ಅಂತ ಬಿಡೋದು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಐದನೆಯದಕ್ಕೆ ಕ್ಯಾನಿನವರು ಒಬ್ಬರ ಮೇಲೊಬ್ಬರು ಬಿದ್ದರು. ಹತ್ತನೆಯದಕ್ಕೆ ಹಾಲಿನ ಹೆಂಗಸರು ನೆಲಕ್ಕೆ ಕೂತರು. ಇವಳು ಬಿಡಲಿಲ್ಲ. ಇಪ್ಪತ್ತನೆಯದನ್ನ ಉದ್ದ ಎಳೆದು ಮುಗಿಸಿದಳು. “ಕೊನೇದು ಹಿಂಗೇ ಸ್ವಾಮಿ, ಸ್ವಲ್ಪ ದೊಡ್ಡದು.”

“ಒಂದು ನಿಮಿಷ ನಲವತ್ತು ಸೆಕೆಂಡು,” ಅಂದರು ಇಂಜಿನಿಯರು. “ಮುಳ್ಳಿಗೂ ಅಷ್ಟೇ ಹಿಡೀತು.” ಪುಸ್ತಕ ತೆಗೆದು ನಿಂತಲ್ಲೇ ಬರೆದರು. ಬರೆಯುತ್ತಾ ಮ್ಯಾನೇಜರಿಗೆ ಹೇಳಿದರು. “ನಿದ್ದೇಲೂ ಕ್ರಮ ತಪ್ಪದೋನು ಎಚ್ಚರದಲ್ಲಿ ಯಾಕ್ರೀ ತಪ್ತಾನೆ? ಗ್ಯಾಸ್ ಬಿಟ್ಟಿದ್ದು ಯಾರು ಅಂತ ಈಗ ನೀವು ಹೇಳಿ.”

ಹೆಂಚಿನ ಮನೆ ಸಿಕ್ಕಿತು. ನಲ್ಲಿ ಸಿಕ್ಕಿತು. ಮೊದಲನೇ ದಿನ ಅವಳು ಅದನ್ನ ಹತ್ತು ಸಲ ತಿರುಗಿಸಿದಳು.

ಮದುವೆಯಾಗಿ ಹನ್ನೆರಡು ವರ್ಷ. ನಾನು ಗೊರಕೆ ಹೊಡೀತೀನಿ ಅಂತ ನನಗೆ ಗೊತ್ತಾಗಿದ್ದೇ ಅವತ್ತು, ಅದೂ ಊರಿಗೆಲ್ಲಾ ಗೊತ್ತಾಗೋವಾಗ.

“ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?” ಅಂದೆ.

“ಹೇಳಿದ್ರೆ ನಿಲ್ಲಿಸ್ತಿದ್ರಾ?” ಅಂದಳು. “ಅಭ್ಯಾಸ ಆಗ್ಹೋಗಿತ್ತು ಬಿಡಿ. ನಿಂತ್ರೇನೇ ನನಗೆ ಎಚ್ಚರ ಆಗೋದು.”

ಈಗ ಹೊಡೀತೀನೋ ಇಲ್ವೋ ಗೊತ್ತಿಲ್ಲ. ಹೇಳೋರಿಲ್ಲ.